ಹೋಗಿ ಬಂದವರನ್ನು ಕೇಳೋದಾ, ಹೋಟೆಲ್‌ಗೇ ಫೋನ್ ಮಾಡೋದಾ? ಮೂರು ಪ್ರವಾಸದ ಲೆಕ್ಕ

ನಮ್ಮ ಅಮ್ಮನಿಗೆ 74 ವರ್ಷ. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಬಸವನಗುಡಿಯಲ್ಲಿ ಮನೆ. ಸಂಜೆ ಬ್ಯೂಗಲ್ ರಾಕ್ ಕಡೆ ಅರ್ಧ ಗಂಟೆ ಆರಾಮಾಗಿ ನಡೆದು ಬರುತ್ತಾರೆ. ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ. ಎಲ್ಲಿಗಾದರೂ ಹೊರಡೋಣ ಅಂದರೆ ಅವರದ್ದು ಒಂದೇ ಮಾತು: “ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ.” ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಅದಕ್ಕೇ 2025ರಲ್ಲಿ ಅಮ್ಮನನ್ನೂ ಕರೆದುಕೊಂಡು ಮೂರು ಕಡೆ ಹೋದೆವು. ಮೇ ತಿಂಗಳಲ್ಲಿ ಊಟಿ, ಜುಲೈಯಲ್ಲಿ ಸಕಲೇಶಪುರ, ಡಿಸೆಂಬರ್‌ನಲ್ಲಿ ಹಂಪಿ. ಪ್ರತಿ ಸಲವೂ ಹೋಗಿ ಬಂದವರನ್ನೂ ಕೇಳಿದೆ, ಉಳಿಯುವ ಜಾಗಕ್ಕೂ ನೇರವಾಗಿ ಫೋನ್ ಮಾಡಿದೆ. ಒಂದು ಹಳೇ ಡೈರಿ ಇತ್ತು. ಎಡಗಡೆ ಪುಟದಲ್ಲಿ ಹೋಗಿ ಬಂದವರು ಹೇಳಿದ್ದು, ಬಲಗಡೆ ಪುಟದಲ್ಲಿ ಹೋಟೆಲ್‌ನವರು ಹೇಳಿದ್ದು. ವಾಪಸ್ ಬಂದ ಮೇಲೆ ಕೂತು ಯಾವುದು ನಿಜ ಆಯ್ತು, ಯಾವುದು ಆಗಲಿಲ್ಲ ಅಂತ ಒಂದೊಂದಕ್ಕೂ ಗುರುತು ಹಾಕಿದೆ. ಮನೆಯಲ್ಲಿ ವಯಸ್ಸಾದವರು ಇರುವವರಿಗೆ ಇದರಿಂದ ಸ್ವಲ್ಪ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಮೊದಲು ಊಟಿ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ 2023ರಲ್ಲಿ ಅತ್ತೆ, ಮಾವ, ಮಕ್ಕಳು ಎಲ್ಲರ ಜೊತೆ ಹೋಗಿ ಬಂದಿದ್ದಳು. ಅವಳು ಹೇಳಿದ್ದು ಹೀಗೆ: “ಬಂಡೀಪುರ ದಾಟಿದ ಮೇಲೆ ಮಸಿನಗುಡಿ ಕಡೆ ತಿರುಗಬೇಡ. ಕಲ್ಹಟ್ಟಿ ಘಾಟಿಯಲ್ಲಿ 36 ತಿರುವು. ನಮ್ಮತ್ತೆ ಹತ್ತನೇ ತಿರುವಿಗೇ ಪ್ಲಾಸ್ಟಿಕ್ ಕವರ್ ಕೇಳಿದ್ರು. ಗೂಡಲೂರು ಮೇಲೆ ಹೋಗು. ಸುತ್ತು ಆಗತ್ತೆ, ಆದ್ರೆ ಹೊಟ್ಟೆ ಕಲಕಲ್ಲ.” ಹೋಟೆಲ್‌ಗೆ ಫೋನ್ ಮಾಡಿ ಇದನ್ನೇ ಕೇಳಿದೆ. ರಿಸೆಪ್ಶನ್‌ನಲ್ಲಿದ್ದ ಹುಡುಗ ಕನ್ನಡದಲ್ಲೇ ಮಾತಾಡಿದ. “ಎರಡೂ ರೋಡ್ ಚೆನ್ನಾಗಿದೆ ಮೇಡಂ, ಮಸಿನಗುಡಿ ಹತ್ತಿರ” ಅಂದ. ಅವನು ಹೇಳಿದ್ದು ಸುಳ್ಳಲ್ಲ. ಡಾಂಬರು ಚೆನ್ನಾಗಿಯೇ ಇದೆ. ಆದರೆ ಅಲ್ಲೇ ಹುಟ್ಟಿ ಬೆಳೆದವನಿಗೆ 36 ತಿರುವು ಒಂದು ವಿಷಯವೇ ಅಲ್ಲ. ನಾವು ಗೂಡಲೂರು ಮೇಲೆ ಹೋದೆವು. ಅಮ್ಮ ಕಿಟಕಿ ಪಕ್ಕ ಕೂತು ಟೀ ತೋಟ ನೋಡಿಕೊಂಡು ಬಂದರು.

ಆದರೆ ಅದೇ ಹುಡುಗ ಫೋನ್ ಇಡುವ ಮೊದಲು ಕೇಳಿದ: “ಇ-ಪಾಸ್ ಮಾಡಿಸಿದ್ದೀರಾ?” ನನಗೆ ಅದು ಗೊತ್ತೇ ಇರಲಿಲ್ಲ. ಗೆಳತಿಗೂ ಗೊತ್ತಿರಲಿಲ್ಲ, ಯಾಕಂದರೆ ಅವಳು ಹೋದಾಗ ಅದು ಇರಲೇ ಇಲ್ಲ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲ್‌ಗೂ ಇ-ಪಾಸ್, ಅಂದರೆ ಗಾಡಿಗೆ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕಾದ ಪಾಸ್, ಶುರುವಾಯಿತು. 2025ರ ಸೀಸನ್‌ನಲ್ಲಂತೂ ಊಟಿಗೆ ವಾರದ ದಿನ 6,000 ಗಾಡಿ, ಶನಿವಾರ ಭಾನುವಾರ 8,000 ಗಾಡಿ ಅಂತ ಮಿತಿಯೂ ಇತ್ತು. ನಾವು ಸುಮ್ನೆ ಹೊರಟುಬಿಟ್ಟಿದ್ದರೆ ಗಡಿಯಲ್ಲಿ ಪರದಾಡಬೇಕಿತ್ತು. ನೀರಿನ ಪ್ಲಾಸ್ಟಿಕ್ ಬಾಟಲಿ ಕಾರಿನಲ್ಲಿ ಇಟ್ಟುಕೊಳ್ಳಬೇಡಿ, ನೀಲಗಿರಿ ಜಿಲ್ಲೆಯಲ್ಲಿ ಅದಕ್ಕೆ ನಿಷೇಧ ಇದೆ, ದಂಡ ಹಾಕ್ತಾರೆ ಅಂತಲೂ ಅವನೇ ಹೇಳಿದ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದನ್ನು ಮಾತ್ರ ಇಬ್ಬರೂ ಹೇಳಿದ್ದರು.

ಇಲ್ಲಿವರೆಗೆ ಎಡ ಪುಟ, ಬಲ ಪುಟ ಸಮ. ಆಮೇಲೆ ಆಗಿದ್ದೇ ಬೇರೆ.

“ಲಿಫ್ಟ್ ಇದೆಯಾ?” ಅಂತ ನಾನು ಫೋನ್‌ನಲ್ಲಿ ಕೇಳಿದ್ದೆ. “ಇದೆ ಮೇಡಂ” ಅಂದಿದ್ದ. ಹೋಗಿ ನೋಡಿದರೆ ಲಿಫ್ಟ್ ಇತ್ತು, ಕೆಲಸವೂ ಮಾಡುತ್ತಿತ್ತು. ಆದರೆ ಕಾರು ನಿಲ್ಲಿಸುವ ಜಾಗದಿಂದ ರಿಸೆಪ್ಶನ್‌ಗೆ ಹತ್ತಲು ಹನ್ನೊಂದು ಮೆಟ್ಟಿಲು. ಹಿಡಿದುಕೊಳ್ಳಲು ಪಕ್ಕದಲ್ಲಿ ಕಂಬಿ ಇಲ್ಲ. ಸಣ್ಣಗೆ ಮಳೆ ಹನಿಯುತ್ತಿತ್ತು. ಅಮ್ಮ ಮೊದಲನೇ ಮೆಟ್ಟಿಲ ಮುಂದೆ ನಿಂತು, ಸೀರೆ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ನನ್ನ ಹೆಗಲ ಮೇಲೆ ಇಟ್ಟರು. ಆ ಕೈಯ ಭಾರ ನನಗೆ ಈಗಲೂ ನೆನಪಿದೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮುಂದಿನದು. ಎರಡು ದಿನದಲ್ಲಿ ಆ ಹನ್ನೊಂದು ಮೆಟ್ಟಿಲನ್ನು ಅವರು ನಾಲ್ಕು ಸಲ ಹತ್ತಿದರು, ನಾಲ್ಕು ಸಲ ಇಳಿದರು. ಎರಡನೇ ದಿನ ಸಂಜೆ ಬೊಟಾನಿಕಲ್ ಗಾರ್ಡನ್‌ಗೆ ಬರಲಿಲ್ಲ. ರೂಮಿನಲ್ಲೇ ಇರ್ತೀನಿ ಅಂದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ. ನಾನು ಕೇಳಬೇಕಾಗಿದ್ದು ಬೇರೆ ಇತ್ತು. ಅದನ್ನು ನನಗೆ ಹೇಳಿಕೊಟ್ಟಿದ್ದು ಊಟಿಯಿಂದ ಬಂದ ಮೇಲೆ ಅದೇ ಗೆಳತಿ. “ನಮ್ಮತ್ತೆಗೂ ಹಾಗೇ ಆಯ್ತು. ಅದಕ್ಕೇ ನಾನು ಈಗ ಕಾರಿಂದ ಇಳಿದು ಹಾಸಿಗೆವರೆಗೆ ಎಷ್ಟು ಮೆಟ್ಟಿಲು ಅಂತಾನೇ ಕೇಳೋದು” ಅಂದಳು. ಈ ಮಾತನ್ನು ಅವಳ ಹತ್ತಿರ ಮೊದಲೇ ಕೇಳಿಸಿಕೊಂಡು ಆಮೇಲೆ ಹೋಟೆಲ್‌ಗೆ ಫೋನ್ ಮಾಡಿದ್ದರೆ ಅಮ್ಮ ಬೊಟಾನಿಕಲ್ ಗಾರ್ಡನ್ನನ್ನೂ ನೋಡುತ್ತಿದ್ದರು. ನಾನು ಬುಕಿಂಗ್ ಮಾಡಿ ಮುಗಿಸಿ, ಆಮೇಲೆ ಅವಳ ಹತ್ತಿರ ಬರೀ ದಾರಿ ಕೇಳಿದ್ದೆ.

ಸಕಲೇಶಪುರಕ್ಕೆ ಹೊರಟಾಗ ಮೆಟ್ಟಿಲ ಪ್ರಶ್ನೆ ಮೊದಲೇ ಬರೆದಿಟ್ಟುಕೊಂಡಿದ್ದೆ. ಆದರೆ ಮಳೆಗಾಲದ ಮಲೆನಾಡಿನಲ್ಲಿ ತೊಂದರೆ ಮೆಟ್ಟಿಲಿಂದ ಬರಲಿಲ್ಲ, ಬೇರೆ ಕಡೆಯಿಂದ ಬಂತು.

ಹೋಮ್‌ಸ್ಟೇ ನಂಬರಿಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. ರೋಡ್ ಸೂಪರ್, ಕರೆಂಟ್ ತೊಂದರೆ ಇಲ್ಲ, ಬಿಸಿನೀರು 24 ಗಂಟೆ, ನೆಟ್‌ವರ್ಕ್ ಫುಲ್. ಬಲಗಡೆ ಪುಟ ಐದೇ ನಿಮಿಷಕ್ಕೆ ತುಂಬಿತು. ಆಮೇಲೆ ಸುಮ್ನೆ ಮಾತಿಗೆ ಅಂತ ಕೇಳಿದೆ, “ಈಗ ಅಲ್ಲಿ ಮಳೆ ಬರ್ತಿದೆಯಾ?” ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. “ಮೇಡಂ, ನಾವು ಬೆಂಗಳೂರು ಆಫೀಸಿಂದ ಮಾತಾಡ್ತಿರೋದು.” ನಮ್ಮ ಮನೆಯಿಂದ ಆ ಆಫೀಸು ಇರುವುದು ನಾಲ್ಕು ಕಿಲೋಮೀಟರ್ ದೂರದಲ್ಲಿ! ಬುಕಿಂಗ್ ತೆಗೆದುಕೊಳ್ಳುವುದು ಅವರ ಕೆಲಸ, ಆ ಜಾಗವನ್ನು ಅವರು ಫೋಟೋದಲ್ಲಿ ಮಾತ್ರ ನೋಡಿದ್ದರು.

ಅವತ್ತಿನಿಂದ ನಾನು ಯಾವ ಹೋಟೆಲ್‌ಗೆ ಫೋನ್ ಮಾಡಿದರೂ ಮೊದಲನೇ ಪ್ರಶ್ನೆ ಇದೇ. ಈಗ ಅಲ್ಲಿ ಮಳೆ ಇದೆಯಾ, ಬಿಸಿಲಾ? ಅಲ್ಲಿರುವವರು ತಲೆ ಎತ್ತಿ ನೋಡಿ ತಕ್ಷಣ ಹೇಳುತ್ತಾರೆ. ಅಲ್ಲಿ ಇಲ್ಲದವರು ತಡವರಿಸುತ್ತಾರೆ. ಅಂಥವರ ಹತ್ತಿರ ರೇಟ್ ಕೇಳಿ ಸಾಕು, ಬೇರೆ ಏನೂ ಕೇಳಬೇಡಿ. “ಅಲ್ಲೇ ಇರೋರ ನಂಬರ್ ಕೊಡಿ” ಅಂದರೆ ಕೊಡುತ್ತಾರೆ.

ನನಗೂ ಕೊಟ್ಟರು. ಫೋನ್ ಎತ್ತಿದ್ದು ಅಲ್ಲಿ ಅಡುಗೆ ಮಾಡುವ ಅಕ್ಕ. ಅವರ ಹತ್ತಿರ ಮಾತಾಡಿದ್ದು ಹತ್ತು ನಿಮಿಷ. ಬಲಗಡೆ ಪುಟದಲ್ಲಿ ಬರೆದಿದ್ದನ್ನೆಲ್ಲ ಹೊಡೆದು ಹಾಕಿ ಹೊಸದಾಗಿ ಬರೆದುಕೊಂಡೆ. “ಮೇನ್ ರೋಡಿಂದ ಒಳಗೆ ಬರೋ ದಾರಿ ಮಣ್ಣಿಂದು. ನಿಮ್ಮ ಕಾರು ಯಾವುದು? ತಗ್ಗಿನ ಕಾರಾದ್ರೆ ತರಬೇಡಿ, ರೋಡಲ್ಲಿ ಅಂಗಡಿ ಹತ್ರ ನಿಲ್ಲಿಸಿ, ನಮ್ಮ ಜೀಪು ಬರತ್ತೆ. ಕರೆಂಟು ಮೊನ್ನೆ ಹೋಗಿದ್ದು ಇವತ್ತು ಬೆಳಗ್ಗೆ ಬಂತು. ಆದ್ರೆ ಬಿಸಿನೀರಿಗೆ ಯೋಚನೆ ಮಾಡ್ಬೇಡಿ, ಹಂಡೆ ಒಲೆ ಉರೀತಾನೇ ಇರತ್ತೆ. ಅಮ್ಮನಿಗೆ ಜೀಪು ಹತ್ತೋಕೆ ಒಂದು ಸ್ಟೂಲ್ ಇಡಿಸ್ತೀನಿ.” ಸ್ಟೂಲ್ ಅಂದಾಗ ನನಗೆ ಕಣ್ಣು ತುಂಬಿ ಬಂತು. ನಾನು ಕೇಳಿರಲೇ ಇಲ್ಲ. ಅವರಾಗಿಯೇ ಯೋಚನೆ ಮಾಡಿ ಹೇಳಿದ್ದು.

ಎಡಗಡೆ ಪುಟದಲ್ಲಿ ಈ ಸಲ ಇದ್ದಿದ್ದು ನಮ್ಮವರ ಚಿಕ್ಕಪ್ಪನ ಮಗ. ವರ್ಷಕ್ಕೆ ಎರಡು ಸಲ ಆ ಕಡೆ ಚಾರಣಕ್ಕೆ ಹೋಗುವವನು. ಯಶವಂತಪುರದಿಂದ ಹಗಲು ರೈಲಿನಲ್ಲಿ ಹೋಗಿ ಅತ್ತಿಗೆ, ವಿಸ್ಟಾಡೋಮ್ ಬೋಗಿಯಲ್ಲಿ ಕೂತರೆ ಅಮ್ಮನಿಗೂ ಸುಸ್ತಾಗಲ್ಲ, ಗಾಜಿನಲ್ಲಿ ಎಲ್ಲಾ ಕಾಣತ್ತೆ ಅಂದಿದ್ದ. ಒಳ್ಳೇ ಸಲಹೆಯೇ. ಆದರೆ 2025ರ ಜೂನ್‌ನಿಂದ ಕೆಲವು ತಿಂಗಳು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿಯಲ್ಲಿ ವಿದ್ಯುದೀಕರಣದ ಕೆಲಸ ಇತ್ತು, ಹಗಲು ಗಾಡಿಗಳು ರದ್ದಾಗಿದ್ದವು. ಅಡುಗೆ ಅಕ್ಕನೇ ಹೇಳಿದ್ದು: “ಹಗಲಿನ ಗಾಡಿ ನಿಂತಿದೆಯಲ್ಲ, ಕಾರಲ್ಲೇ ಬನ್ನಿ.” ಆದರೆ ಜಿಗಣೆಯ ವಿಷಯದಲ್ಲಿ ಮೈದುನನ ಮಾತೇ ಗೆದ್ದಿತು. ಅಕ್ಕ ಅದರ ಸುದ್ದಿಯನ್ನೇ ಎತ್ತಿರಲಿಲ್ಲ, ಅವರಿಗೆ ಅದು ಸೊಳ್ಳೆ ಇದ್ದ ಹಾಗೆ. ಉದ್ದ ಸಾಕ್ಸ್ ಹಾಕಿ, ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ ಅಂತ ಮೈದುನ ಹೇಳಿದ್ದಕ್ಕೆ ಬಚಾವಾದೆವು.

ಈ ಎರಡು ಪ್ರವಾಸ ಮುಗಿಯುವ ಹೊತ್ತಿಗೆ ಡೈರಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಹೋಗಿ ಬಂದವರು ಅವರ ಮೈಗೆ ಆದದ್ದನ್ನು ಹೇಳುತ್ತಾರೆ. ವಾಂತಿ, ಸುಸ್ತು, ಕಾಲು ನೋವು, ಹಸಿವು, ಭಯ. ಇದರಲ್ಲಿ ಅವರ ಮಾತು ತಪ್ಪಾಗಿದ್ದು ಕಡಿಮೆ. ತಪ್ಪಾಗಿದ್ದೆಲ್ಲ ನಿಯಮ, ದಾರಿ, ಗಾಡಿ, ಸಮಯ ಇಂಥದ್ದರಲ್ಲಿ, ಯಾಕಂದರೆ ಅವರು ಹೋಗಿ ಒಂದೋ ಎರಡೋ ವರ್ಷ ಆಗಿರುತ್ತದೆ. ಹೋಟೆಲ್‌ನವರದ್ದು ಉಲ್ಟಾ. ಇವತ್ತಿನ ಸಂಗತಿ ಇವತ್ತೇ ಗೊತ್ತು. ಆದರೆ “ಹತ್ತಿರ”, “ಚೆನ್ನಾಗಿದೆ”, “ತೊಂದರೆ ಇಲ್ಲ” ಇವೆಲ್ಲ ಅವರ ಬಾಯಲ್ಲಿ ಬಂದರೆ ನಾನು ಬರೆದುಕೊಳ್ಳುವುದೇ ಇಲ್ಲ. ಎಷ್ಟು ಅಂತ ಕೇಳಿ ಅಂಕಿ ಬಂದರೆ ಮಾತ್ರ ಬರೆದುಕೊಳ್ಳುತ್ತೇನೆ.

ಹಾಗಾಗಿ ಹಂಪಿಗೆ ಹೊರಡುವಾಗ ಮೊದಲು ಹೋಗಿ ಬಂದವರನ್ನೇ ಹಿಡಿದೆ. ಹೋಟೆಲ್‌ನಲ್ಲಿ ಏನು ಕೇಳಬೇಕು ಅನ್ನುವುದು ಅವರಿಂದ ಗೊತ್ತಾಗಲಿ ಅಂತ.

ಎದುರು ಮನೆಯ ಅಂಕಲ್ ರಿಟೈರ್ಡ್ ಮೇಷ್ಟ್ರು. ಹಂಪಿ ಅಂದರೆ ಅವರಿಗೆ ಪ್ರಾಣ. ಕೇಳಿದ ತಕ್ಷಣ ಒಂದು ಮದುವೆ ಪತ್ರಿಕೆ ತೆಗೆದು, ಅದರ ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ನಕ್ಷೆ ಬರೆಯೋಕೆ ಶುರು ಮಾಡಿದರು. ಮೊದಲು ತುಂಗಭದ್ರೆಯ ಬಳುಕು. ಅದರ ದಂಡೆಯಲ್ಲಿ ವಿರೂಪಾಕ್ಷ. ಬಲಕ್ಕೆ ಮತಂಗ ಬೆಟ್ಟ, ಅದರಾಚೆ ವಿಜಯ ವಿಠ್ಠಲ. ಕೆಳಗೆ ಕಮಲಾಪುರದ ದಾರಿಯಲ್ಲಿ ಕಮಲ ಮಹಲ್, ಆನೆ ಲಾಯ, ರಾಣಿಯ ಸ್ನಾನಗೃಹ. ಅಮ್ಮ ನಡೆಯಬಹುದಾದ ಕಡೆ ಒಂದು ಸೊನ್ನೆ, ನಡೆಯೋಕೆ ಆಗದ ಕಡೆ ಒಂದು ಗೀಟು. ಮತಂಗ ಬೆಟ್ಟಕ್ಕೆ ಗೀಟು, ಆಚೆ ದಡದ ಅಂಜನಾದ್ರಿಗೆ ಗೀಟು. ಕಮಲ ಮಹಲ್‌ಗೆ ಸೊನ್ನೆ, ಅಲ್ಲೆಲ್ಲ ಸಮತಟ್ಟು ಹುಲ್ಲು. “ವಿಠ್ಠಲ ದೇವಸ್ಥಾನಕ್ಕೆ ಕಾರು ಬಿಡಲ್ಲಮ್ಮ, ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡೀಲಿ ಹೋಗ್ಬೇಕು. ಬೆಳಗ್ಗೆ ಬೇಗ ಹೋಗು, ಹೊತ್ತೇರಿದ ಮೇಲೆ ಕ್ಯೂ ಜಾಸ್ತಿ, ನಿಲ್ಲೋದು ಕಷ್ಟ. ಟಿಕೆಟ್ ಬಿಸಾಡ್ಬೇಡ. ಅದೇ ಟಿಕೆಟ್ಟಲ್ಲಿ ಅದೇ ದಿನ ಕಮಲ ಮಹಲ್ಲೂ ನೋಡ್ಬಹುದು. ಮತ್ತೆ ಅಮ್ಮಂಗೆ ಹತ್ತಿ ಸಾಕ್ಸ್ ತಗೋ. ಚಪ್ಪಲಿ ಬಿಟ್ಟ ಮೇಲೆ ಕಲ್ಲು ಸುಡತ್ತೆ.” ಟಿಕೆಟ್ 40 ರೂಪಾಯಿ. ಸಾಕ್ಸ್ ಮಾತ್ರ ಬೆಲೆ ಕಟ್ಟಲಾಗದ ಸಲಹೆ. ಯಾವ ರಿಸೆಪ್ಶನ್‌ನವರೂ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ ಅನ್ನಿಸುತ್ತದೆ.

ಕೊನೆಗೆ ಅವರು ನದಿಯ ಆಚೆ ಒಂದು ದೊಡ್ಡ ಸುತ್ತು ಹಾಕಿದರು. “ಉಳ್ಕೊಳ್ಳೋದು ಇಲ್ಲಿ. ವಿರೂಪಾಪುರ ಗಡ್ಡೆ. ಗದ್ದೆ ಪಕ್ಕ ಗುಡಿಸಲು, ಎಷ್ಟು ಪ್ರಶಾಂತ ಅಂತೀಯ!” ಅವರು ಹೋಗಿದ್ದು 2017ರಲ್ಲಿ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಅಲ್ಲಿದ್ದ ರೆಸಾರ್ಟ್‌ಗಳನ್ನೆಲ್ಲ ತೆರವು ಮಾಡಿದರು. ಅದನ್ನು ಹೇಳಿದಾಗ ಅಂಕಲ್ ಮುಖ ಸಣ್ಣದಾಯಿತು. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಯಾಕಾದರೂ ಹೇಳಿದೆನೋ ಅನ್ನಿಸಿತು ನನಗೆ.

ನಕ್ಷೆ ಮುಂದಿಟ್ಟುಕೊಂಡು ಹೊಸಪೇಟೆಯ ಹೋಟೆಲ್‌ಗೆ ಫೋನ್ ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾಡಲೇಬೇಡಿ, ರೂಮ್ ಖಾಲಿ ಮಾಡುವವರ ಗಲಾಟೆಯಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ. ಮೂರು ಗಂಟೆಗೆ ಕೌಂಟರ್‌ನಲ್ಲಿದ್ದ ಹುಡುಗನಿಗೆ ಬಿಡುವಿತ್ತು. ಮೊದಲು ಬಿಸಿಲೋ ಮಳೆಯೋ ಕೇಳಿದೆ. “ಬಿಸಿಲು ಐತ್ರಿ ಮೇಡಂ, ಭಾಳ ಐತಿ” ಅಂದ. ಆಮೇಲೆ ಕೇಳಿದೆ: “ಕಾರಿಂದ ಇಳಿದು ಹಾಸಿಗೆವರೆಗೆ ಎಷ್ಟು ಮೆಟ್ಟಿಲಪ್ಪ?” ಅವನು “ಭಾಳ ಇಲ್ಲ ಬಿಡ್ರಿ” ಅಂದ. “ಎಷ್ಟು ಅಂತ ಒಂದ್ಸಲ ನೋಡಿ ಹೇಳ್ತೀಯಾ? ನಮ್ಮಮ್ಮನಿಗೆ ಮಂಡಿ ಆಪರೇಷನ್ ಆಗಿದೆ.” ಒಂದು ಕ್ಷಣ ಸುಮ್ಮನಿದ್ದ. “ತಡೀರಿ” ಅಂದ. ಬಾಗಿಲು ತೆಗೆದ ಸದ್ದು. ಆಟೋ ಹೋದ ಸದ್ದು. ಆಮೇಲೆ ಅವನ ಚಪ್ಪಲಿ ಸದ್ದಿನ ಜೊತೆ ಎಣಿಕೆ: “ಒಂದು... ಎರಡು... ಮೂರು. ಇಲ್ಲಿ ಕಂಬಿ ಐತ್ರಿ ಹಿಡ್ಕೊಳ್ಳಾಕ. ಈಗ ಲಿಫ್ಟಿಗೆ ಬಂದೆ, ಇಲ್ಲೇನಿಲ್ಲ. ಮ್ಯಾಲೆ ಹೊಂಟೀನಿ...” ಲಿಫ್ಟಿನಲ್ಲಿ ಲೈನ್ ಕಟ್ ಆಯ್ತು. ಎರಡು ನಿಮಿಷಕ್ಕೆ ಅವನೇ ವಾಪಸ್ ಫೋನ್ ಮಾಡಿದ. “ರೂಮಿನ ಬಾಗಿಲಿಗೆ ಏನಿಲ್ರಿ. ಬಚ್ಚಲಕ್ಕೆ ಒಂದು ಹೊಸ್ತಿಲು, ನಾಲ್ಕು ಬೆರಳು ಎತ್ತರ. ಒಟ್ಟು ಮೂರು ಮೆಟ್ಲು, ಒಂದು ಹೊಸ್ತಿಲು.”

ಮ್ಯೂಸಿಯಂ ನೋಡುವ ಆಸೆ ಇದೆ, ಶುಕ್ರವಾರ ಕಮಲಾಪುರಕ್ಕೆ ಹೋಗ್ತೀವಿ ಅಂದಿದ್ದಕ್ಕೆ, ಶುಕ್ರವಾರ ಅದಕ್ಕೆ ರಜಾ ಅಂತಲೂ ಅವನೇ ತಿದ್ದಿದ. ಅಂಕಲ್‌ಗೆ ಇದು ನೆನಪಿರಲಿಲ್ಲ. ಶನಿವಾರಕ್ಕೆ ಬದಲಾಯಿಸಿಕೊಂಡೆವು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೂರು ಕಡೆಯೂ ನೇರವಾಗಿ ಮಾತಾಡಿದ್ದಕ್ಕೆ ಬುಕಿಂಗ್ ಆ್ಯಪ್‌ಗಿಂತ ಸ್ವಲ್ಪ ಕಡಿಮೆಗೇ ಕೊಟ್ಟರು. “ಜಿಎಸ್‌ಟಿ ಸೇರಿ ಎಷ್ಟು?” ಅಂತಲೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕಿಂತ ಮೇಲೆ 18. ಅದಕ್ಕೂ ಮೊದಲು ಹೋಗಿ ಬಂದವರು ಹೇಳುವ ಲೆಕ್ಕದಲ್ಲಿ 12 ಪರ್ಸೆಂಟ್ ಇರುತ್ತದೆ. ಇನ್ನೊಂದು, ಫೋನ್ ನಂಬರ್. ಇಂಟರ್‌ನೆಟ್‌ನಲ್ಲಿ ಹೋಟೆಲ್ ಹೆಸರಿನಲ್ಲಿ ಸುಳ್ಳು ನಂಬರ್ ಹಾಕಿ ಮುಂಗಡ ಕಿತ್ತುಕೊಳ್ಳುವವರು ಇದ್ದಾರೆ. ಹೋಗಿ ಬಂದವರ ಹತ್ತಿರ ಹಳೇ ಬಿಲ್ ಇದ್ದರೆ ಅದರಲ್ಲಿರುವ ನಂಬರ್ ತೆಗೆದುಕೊಳ್ಳಿ. ಗೆಳತಿ ಊಟಿಯ ಬಿಲ್ಲನ್ನು ವ್ಯಾನಿಟಿ ಬ್ಯಾಗಿನ ಒಳ ಜೇಬಿನಿಂದ ತೆಗೆದುಕೊಟ್ಟಿದ್ದಳು, ಎರಡು ವರ್ಷ ಅಲ್ಲೇ ಇತ್ತಂತೆ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕೆಎಸ್‌ಆರ್‌ಟಿಸಿ ಡ್ರೈವರ್, ಕಂಡಕ್ಟರ್‌ಗಳನ್ನು ಯಾಕೆ ಕೇಳಲಿಲ್ಲ ಅಂತ ಅಮ್ಮ ನನ್ನನ್ನು ಕೇಳಿದರು. ನಿಜ ಅಲ್ವಾ? ಮೆಜೆಸ್ಟಿಕ್‌ನಲ್ಲಿ ಬಸ್ ಹೊರಡುವ ಮುಂಚೆ ಟೀ ಕುಡಿಯುತ್ತಾ ನಿಂತಿರುತ್ತಾರೆ. ಅವರು ನಿನ್ನೆ ತಾನೇ ಹೋಗಿ ಬಂದವರು, ನಾಳೆ ಮತ್ತೆ ಹೋಗುವವರು. ದಾರಿಯ ವಿಷಯಕ್ಕೆ ಅವರಿಗಿಂತ ಒಳ್ಳೆಯವರು ಯಾರೂ ಇಲ್ಲ. ಮುಂದಿನ ಸಲ ಕೇಳುತ್ತೇನೆ.

ಹಂಪಿಯಲ್ಲಿ ಅಮ್ಮ ಎಲ್ಲಾ ಸೊನ್ನೆಗಳನ್ನೂ ನೋಡಿದರು. ಕಲ್ಲಿನ ರಥದ ಮುಂದೆ ಬಿಳಿ ಸಾಕ್ಸ್ ಹಾಕಿಕೊಂಡು ನಿಂತ ಫೋಟೋ ಇದೆ, ಅಂಕಲ್‌ಗೆ ಒಂದು ಪ್ರಿಂಟ್ ಹಾಕಿಸಿ ಕೊಟ್ಟೆವು. ಅವರ ನಕ್ಷೆಯನ್ನು ನಾನು ಡೈರಿಯಲ್ಲೇ ಇಟ್ಟಿದ್ದೇನೆ.

ಕಳೆದ ವಾರ ಅಮ್ಮನ ವಾಕಿಂಗ್ ಗೆಳತಿ ಒಬ್ಬರು ಮನೆಗೆ ಬಂದಿದ್ದರು. ಮಗಳ ಜೊತೆ ಹಂಪಿಗೆ ಹೋಗಬೇಕಂತೆ, ಹೇಗೆ ಅಂತ ಕೇಳಿದರು. ನಾನು ಹೇಳೋಕೆ ಬಾಯಿ ತೆಗೆಯುವುದರೊಳಗೆ ಅಮ್ಮನೇ ಶುರು ಮಾಡಿದರು: “ನಾವು ಹೋಗಿದ್ದು ಡಿಸೆಂಬರ್‌ನಲ್ಲಿ ಕಣ್ರೀ, ನಂಗೆ ಎರಡು ಮಂಡಿನೂ ಆಪರೇಷನ್ ಆಗಿದೆ, ಅದನ್ನ ಮನಸಲ್ಲಿಟ್ಕೊಂಡು ಕೇಳಿ. ಮೊದಲು ನಿಮಗೆ ಎಷ್ಟು ಮೆಟ್ಟಿಲು ಹತ್ತೋಕಾಗತ್ತೆ, ಅದನ್ನ ಹೇಳಿ.”